ಹಲಸಿನ ಕದಕ್ಕೆ ಎರಡೂ ಕಡೆ ಕೆತ್ತನೆ: ನನ್ನ ಸಿಎನ್‌ಸಿಯಲ್ಲಿ ಕೊನೆಗೂ ಆಯಿತು

ಹೋದ ವರ್ಷ ಏಪ್ರಿಲ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಒಂದು ಮನೆಗೆ ದೇವರ ಕೋಣೆಯ ಬಾಗಿಲು ಕೂರಿಸಿದ್ದೆ. ಹಲಸಿನ ಚೇಗು (ಮರದ ಒಳಗಿನ ಗಟ್ಟಿ ಭಾಗ), ಎರಡು ಕದ, ಒಳಗೂ ಹೊರಗೂ ಕೆತ್ತನೆ, ಮೇಲುಗಡೆ ತೂತು ಹಾಯುವ ಜಾಲಿ. ಕೆತ್ತಿದ್ದು ಸಿಎನ್‌ಸಿಯಲ್ಲಿ, ಅಂದರೆ ಕಂಪ್ಯೂಟರ್ ಫೈಲಿನ ಪ್ರಕಾರ ಬಿಟ್ (ತಿರುಗುತ್ತ ಕೊಯ್ಯುವ ಮೊನೆ) ಓಡಿಸುವ ಮೆಷಿನ್‌ನಲ್ಲಿ. ಮೊನ್ನೆ ಆ ಕಡೆ ಹೋದಾಗ ಕರ್ಣಕ್ಕೆ ನೂಲು ಎಳೆದು ನೋಡಿದೆ. ಒಂದು ಪೂರ್ತಿ ಮಲೆನಾಡಿನ ಮಳೆಗಾಲ ದಾಟಿದ ಕದ, 6 ಅಡಿ ಉದ್ದಕ್ಕೆ 1 ಮಿ.ಮೀ. ಕೂಡ ತಿರುಚಿರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ.

ನಂಬದಿದ್ದವರು ಒಬ್ಬಿಬ್ಬರಲ್ಲ. ಹಲಸಿನ ನಾರು ಒಂದು ಪದರ ಬಲಕ್ಕೆ, ಇನ್ನೊಂದು ಪದರ ಎಡಕ್ಕೆ ಹೋಗುತ್ತದೆ, ಹತ್ತರಿ ಹಾಕಿದವರಿಗೆಲ್ಲ ಗೊತ್ತು. "ಬಿಟ್ ಹೋದಲ್ಲೆಲ್ಲ ರೋಮ ಏಳುತ್ತದೆ, ಸುಮ್ನೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮಾಡು, ಇಲ್ಲಾ ತೇಗ ಹಾಕು" ಅಂತ ಈ ಕೆಲಸ ಮಾಡುವ ಗೆಳೆಯರೇ ಹೇಳಿದ್ದರು. ಎರಡೂ ಕಡೆ ಕೆತ್ತಿದರೆ ಕದ ಬಿಲ್ಲಾಗುತ್ತದೆ ಅಂದವರು ಇನ್ನೂ ಜಾಸ್ತಿ. ಅವರು ಹೇಳಿದ್ದು ಸುಳ್ಳಲ್ಲ. ನನ್ನ ಮೊದಲ ಕದ ಬಿಲ್ಲೇ ಆಯಿತು.

ಮೆಷಿನ್ 4 ಅಡಿ 8 ಅಡಿಯದು, 2019ರಲ್ಲಿ ಸಾಲ ಮಾಡಿ ತಂದಿದ್ದು, ಸುಮಾರು ನಾಲ್ಕು ಮುಕ್ಕಾಲು ಲಕ್ಷ ಬಿತ್ತು. ಬಿಟ್ ತಿರುಗಿಸಲು ನೀರು ತಂಪಿನ ಸ್ಪಿಂಡಲ್, ಸ್ಟೆಪ್ಪರ್ ಮೋಟರ್, ಕೈಯಲ್ಲಿ ಹಿಡಿಯುವ ಡಿಎಸ್‌ಪಿ ಕಂಟ್ರೋಲರ್. ನಿಮ್ಮಲ್ಲಿ ಬಹಳ ಜನರ ಹತ್ತಿರ ಇರುವಂಥದ್ದೇ. ಡಿಸೈನ್ ಆಸ್ಪೈರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇನೆ. ಮೊದಲು ಆರ್ಟ್‌ಕ್ಯಾಮ್ ಕಲಿತಿದ್ದೆ, ಅದು 2018ರಲ್ಲಿ ನಿಂತೇ ಹೋಯಿತಲ್ಲ.

ಮೊದಲ ಕದಕ್ಕೆ 18 ಇಂಚು ಅಗಲದ ಒಂದೇ ಹಲಗೆ ಸಿಕ್ಕಿತ್ತು. ಹಳೇ ಮರ, ಬೆಣ್ಣೆ ಬಣ್ಣ, ನಡುವೆ ಒಂದು ಗಂಟೂ ಇಲ್ಲ. ಅಷ್ಟು ಚೆಂದದ ಹಲಗೆಯನ್ನು ಸೀಳಲು ಮನಸ್ಸು ಬರಲಿಲ್ಲ, ಹಾಗೇ ಬೆಡ್ (ಮೆಷಿನ್ನಿನ ಮೇಜು) ಮೇಲೆ ಹಾಕಿ ಕ್ಲಾಂಪ್ ಬಿಗಿದೆ. ಹಲಗೆ ಸ್ವಲ್ಪ ದೋಣಿಯ ಹಾಗೆ ಇತ್ತು, ಕ್ಲಾಂಪ್ ಬಿಗಿದಾಗ ಮಟ್ಟಸ ಕೂತಿತು. ಒಂದು ಕಡೆ ಪೂರ್ತಿ ಕೆತ್ತಿ ಮುಗಿಸಿದೆ, ಬಹಳ ಚೆನ್ನಾಗಿ ಬಂತು. ಕ್ಲಾಂಪ್ ಬಿಚ್ಚಿದ ಕೂಡಲೇ ಟಕ್ ಅಂತ ಸದ್ದಾಯಿತು. ಮೂಲೆಯೊಂದು ಬೆಡ್‌ನಿಂದ ಮೇಲೆದ್ದು ನಿಂತಿತ್ತು, ಕೆಳಗೆ ಕಿರುಬೆರಳು ತೂರುತ್ತಿತ್ತು. ಅಳತೆ ಮಾಡಿದರೆ 9 ಮಿ.ಮೀ. ಮರ ಏಳೆಂಟು ಸಾವಿರದ್ದು, ಮೆಷಿನ್ 20 ಗಂಟೆ ಓಡಿತ್ತು, ಮೂರು ಬಿಟ್ ಹೋಗಿತ್ತು, ಮುಂಗಡ ವಾಪಸ್ ಕೊಟ್ಟೆ. ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಆ ತಿಂಗಳ ಸಾಲದ ಕಂತಿಗೆ ಮನೆಯವಳ ಬಳೆ ಅಡವಿಟ್ಟೆ.

ಕ್ಲಾಂಪ್ ಹಾಕಿ ಹಲಗೆಯ ಬಾಗು ಎಳೆದು ಕೂರಿಸಬಾರದು. ಇದನ್ನು ಕಲಿಯಲು ನನಗೆ ಅಷ್ಟು ದುಡ್ಡಾಯಿತು. ಈಗ ಎಷ್ಟೇ ಒಳ್ಳೆ ಹಲಗೆ ಸಿಗಲಿ, 6 ಇಂಚಿನ ಮೂರು ಪಟ್ಟಿ ಸೀಳುತ್ತೇನೆ. ಒಂದರ ತಿರುಳಿನ ಕಡೆ ಮೇಲೆ, ಪಕ್ಕದ್ದರ ತಿರುಳಿನ ಕಡೆ ಕೆಳಗೆ ಬರುವ ಹಾಗೆ ಅಂಟಿಸುತ್ತೇನೆ. ಆಮೇಲೆ ಎರಡೂ ಮುಖ ಮಟ್ಟ ಮಾಡುವ ಪ್ಲೇನರ್‌ಗೆ ಕೊಟ್ಟು, ಏನೂ ಬಿಗಿಯದೆ ಬೆಡ್ ಮೇಲೆ ಇಟ್ಟು ಮೂಲೆ ತಟ್ಟಿ ನೋಡುತ್ತೇನೆ. ಟಕಟಕ ಅಂದರೆ ಇನ್ನೊಮ್ಮೆ ಪ್ಲೇನರ್.

ತೇವ ನೋಡುವ ಮೀಟರ್ ಕೂಡ ಆಮೇಲೆ ತಂದಿದ್ದು, ಎರಡೂವರೆ ಸಾವಿರ ಇರಬೇಕು. ಸಾಮಿಲ್ಲಿನವರು "ಒಣಗಿದೆ" ಅಂದ ಹಲಗೆಗೆ ಚುಚ್ಚಿದರೆ ಶೇಕಡಾ 19 ತೋರಿಸಿತು. ನಮ್ಮ ಕಡೆ ಜುಲೈನಲ್ಲಿ ಹಂಚಿನ ಕೆಳಗೆ ಇಟ್ಟ ಮರವೂ ತೇವ ಎಳೆಯುತ್ತದೆ. 12ರ ಒಳಗೆ ಇಳಿಯದೆ ನಾನು ಈಗ ಹಲಗೆ ಮುಟ್ಟುವುದಿಲ್ಲ. ಹಸಿ ಇದ್ದರೆ ಬಿಟ್ ತುದಿಗೆ ಹಳದಿ ಅಂಟು ಕೂರುತ್ತದೆ, ಸೀಮೆಎಣ್ಣೆಯಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಬೇಕು. ಹಲಸಿನ ಹಳದಿ ಸಾಮಾನ್ಯದ್ದಲ್ಲ. ಬೌದ್ಧ ಭಿಕ್ಷುಗಳ ಬಟ್ಟೆಗೆ ಇದೇ ಚೇಗನ್ನು ಕುದಿಸಿ ಬಣ್ಣ ತೆಗೆಯುತ್ತಿದ್ದರಂತೆ. ನನ್ನ ಶೆಡ್ಡಿನ ಗೋಡೆ, ನನ್ನ ಅಂಗಿ ಎಲ್ಲ ಆ ಬಣ್ಣವೇ.

ರೋಮ ಏಳುವುದಕ್ಕೆ ಬರುತ್ತೇನೆ. ಮೆಷಿನ್ ಕೂರಿಸಲು ಬಂದ ಹುಡುಗ "ಗಟ್ಟಿ ಮರ ಅಲ್ವಾ ಅಣ್ಣ, 24000 ಆರ್‌ಪಿಎಂ ಇಟ್ಟು ಮೆಲ್ಲಗೆ ಓಡಿಸಿ, 1500 ಫೀಡ್ ಸಾಕು" ಅಂದಿದ್ದ. ಆರ್‌ಪಿಎಂ ಅಂದರೆ ಬಿಟ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಫೀಡ್ ಅಂದರೆ ನಿಮಿಷಕ್ಕೆ ಎಷ್ಟು ಮಿ.ಮೀ. ಮುಂದೆ ಹೋಗುತ್ತದೆ ಅಂತ. ಒಂದು ವರ್ಷ ಹಾಗೇ ಓಡಿಸಿದೆ, ಬಿಟ್ ಮೇಲೆ ಬಿಟ್ ಸುಟ್ಟುಹೋಯಿತು. ಲೆಕ್ಕ ಹಾಕಿ ನೋಡಿ, ಎರಡು ಹಲ್ಲಿನ ಬಿಟ್‌ಗೆ ಆ ವೇಗದಲ್ಲಿ ಹಲ್ಲೊಂದು ಕಚ್ಚುವುದು 0.03 ಮಿ.ಮೀ. ಅಷ್ಟು ಕಡಿಮೆ ಕಚ್ಚಿದರೆ ಬಿಟ್ ಮರವನ್ನು ಕೊಯ್ಯುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಬಿಟ್ ಮೊಂಡು, ಮೊಂಡಾದ ಮೇಲೆ ನಾರು ಕೀಳದೆ ಇನ್ನೇನು ಮಾಡುತ್ತದೆ? ಈಗ ರಫಿಂಗ್‌ಗೆ (ಮೊದಲ ಒರಟು ಕೆತ್ತನೆಗೆ) 6 ಮಿ.ಮೀ. ಬಿಟ್, 18000ಕ್ಕೆ 3600 ಫೀಡ್, ಅಂದರೆ ಹಲ್ಲಿಗೆ 0.1. ಕೈ ಒಡ್ಡಿದರೆ ಅಂಗೈಗೆ ಚೆಕ್ಕೆ ಬೀಳಬೇಕು. ಹಿಟ್ಟಿನಂಥ ಹುಡಿ ಬಿದ್ದರೆ ಏನೋ ತಪ್ಪಿದೆ.

ಫಿನಿಶಿಂಗ್‌ಗೆ (ಕೊನೆಯ ನಯ ಕೆತ್ತನೆಗೆ) ಚೂಪಾಗುತ್ತ ಬರುವ, ತುದಿ ದುಂಡಗಿನ ಬಾಲ್‌ನೋಸ್ ಬಿಟ್, ತುದಿ 1 ಮಿ.ಮೀ. ರೇಡಿಯಸ್. ಮೊದಲು ಸ್ಟೆಪ್‌ಓವರ್, ಅಂದರೆ ಬಿಟ್ ಹೋಗುವ ಒಂದು ಗೆರೆಗೂ ಪಕ್ಕದ ಗೆರೆಗೂ ಇರುವ ಅಂತರ, 0.2 ಮಿ.ಮೀ. ಇಡುತ್ತಿದ್ದೆ. ಕದದ ಕೆತ್ತನೆ ಜಾಗ 380ಕ್ಕೆ 1500 ಮಿ.ಮೀ. 0.2ಕ್ಕೆ ಬಿಟ್ ಒಂದು ಮುಖಕ್ಕೇ ಹೆಚ್ಚುಕಮ್ಮಿ ಮೂರು ಕಿಲೋಮೀಟರ್ ನಡೆಯಬೇಕು, 19 ಗಂಟೆ ಹಿಡಿಯುತ್ತದೆ. 0.3 ಇಟ್ಟರೆ 12-13 ಗಂಟೆ. ಗೆರೆಗಳ ನಡುವೆ ಉಳಿಯುವ ಏರು 0.01 ಮಿ.ಮೀ. ಆಸುಪಾಸು, ಪೇಪರ್ ಹಾಳೆಯ ದಪ್ಪದಲ್ಲಿ ಹತ್ತರಲ್ಲೊಂದು. 180ರ ಉಪ್ಪುಕಾಗದ ಒಂದು ಸಲ ಆಡಿದರೆ ಹೋಯಿತು. ನಾಲ್ಕು ಮುಖಕ್ಕೆ ಸುಮಾರು 25 ಗಂಟೆ ಉಳಿಯಿತು. ಗಂಟೆಗೆ 300ರಂತೆ ಜಾಬ್‌ವರ್ಕ್ ಮಾಡುವವನಿಗೆ ಅದು ದುಡ್ಡೇ.

ಬಿಟ್ ನಾರಿನ ಉದ್ದಕ್ಕೂ ಹೋಗಬಾರದು, ಅಡ್ಡಕ್ಕೂ ಹೋಗಬಾರದು, ಓರೆ ಹೋಗಬೇಕು. ನಾನು 45 ಡಿಗ್ರಿಯಿಂದ ಶುರು ಮಾಡಿದೆ, ಈಗ ಬೇರೆ ಒಂದು ಕೋನದಲ್ಲಿ ನಿಂತಿದ್ದೇನೆ. ಅದನ್ನು ನೀವೇ ನಿಮ್ಮ ಮರಕ್ಕೆ ತಕ್ಕ ಹಾಗೆ ಹುಡುಕಿಕೊಳ್ಳಿ. ಕೊನೆ ಪಾಸ್‌ಗೆ ಹಿಂದಿನ ರಾತ್ರಿ ನಾರು ಗಟ್ಟಿಯಾಗಲಿ ಅಂತ ಒಂದು ದ್ರವ ಹಚ್ಚುತ್ತೇನೆ, ಪೇಂಟ್ ಅಂಗಡಿಯಲ್ಲಿ ಸಿಗುವ ಮಾಲೇ. ಯಾವುದು, ಎಷ್ಟು ತೆಳು ಅಂತ ಇಲ್ಲಿ ಹೇಳಲಾರೆ, ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಕದ ಬಿಲ್ಲಾಗದಿರಲು ಮಾಡಿದ್ದು ಮಾತ್ರ ಪೂರ್ತಿ ಹೇಳುತ್ತೇನೆ. ಒಂದು ಮುಖ ಮುಗಿಸಿ ಇನ್ನೊಂದಕ್ಕೆ ಹೋಗಬಾರದು. ಎರಡೂ ಮುಖ ರಫಿಂಗ್ ಮಾಡಿ, ಮೇಲೆ ಒಂದೂವರೆ ಮಿ.ಮೀ. ಬಿಟ್ಟು, ಕದವನ್ನು ಅಟ್ಟದಲ್ಲಿ ರೀಪಿನ ಮೇಲೆ ಗಾಳಿಯಾಡುವ ಹಾಗೆ ಹತ್ತು ದಿನ ಇಡಬೇಕು. ಮೇಲಿನ ಮರ ಹೋದ ಮೇಲೆ ಒಳಗಿದ್ದ ಬಿಗಿ ಸಡಿಲುತ್ತದೆ. ಎಷ್ಟು ತಿರುಚಬೇಕೋ ಅಷ್ಟು ಆಗಲೇ ತಿರುಚಲಿ. ಉಳಿಸಿದ ಒಂದೂವರೆ ಮಿ.ಮೀ.ಯಲ್ಲಿ ಆ ತಿರುಚು ಕೊಯ್ದುಹೋಗುತ್ತದೆ. ಈ ಹತ್ತು ದಿನಕ್ಕೆ ಯಾರಿಗೂ ತಾಳ್ಮೆ ಇಲ್ಲ. ನನಗೂ ಇರಲಿಲ್ಲ, ಎರಡನೇ ಕದ ನಾಲ್ಕೇ ದಿನಕ್ಕೆ ತೆಗೆದು ಕೆತ್ತಿದೆ, 4 ಮಿ.ಮೀ. ಬಾಗಿತು. ಅದನ್ನು ಅರ್ಧ ರೇಟಿಗೆ ಕೊಟ್ಟೆ.

ಕದ ಮಗುಚಿದಾಗ ಅದೇ ಜಾಗಕ್ಕೆ ಕೂರಲು 8 ಮಿ.ಮೀ. ಗೂಟ ಎರಡು, ಮಗುಚುವ ನಡುಗೆರೆಯ ಮೇಲೆ, ಆಮೇಲೆ ಕೊಯ್ದುಹೋಗುವ ಅಂಚಿನಲ್ಲಿ. ತೂತನ್ನು ಮೆಷಿನ್ನೇ ಹಾಕಬೇಕು, ಕೈಯಲ್ಲಲ್ಲ. ಝಡ್ ಝೀರೋ (ಎತ್ತರದ ಅಳತೆ ಶುರುವಾಗುವ ಸೊನ್ನೆ) ಮರದ ಮೇಲ್ಮೈಯಲ್ಲಿ ಹಿಡಿಯಬೇಡಿ, ಬೆಡ್ಡಿನಲ್ಲಿ ಹಿಡಿಯಿರಿ. ಇಲ್ಲದಿದ್ದರೆ ದಪ್ಪದಲ್ಲಿ ಅರ್ಧ ಮಿ.ಮೀ. ಹೆಚ್ಚುಕಮ್ಮಿ ಇದ್ದರೂ ಎರಡು ಕಡೆಯ ಜಾಲಿ ನಡುವೆ ಮೆಟ್ಟಿಲು ಬೀಳುತ್ತದೆ.

ಮೂರನೇ ಕದದಲ್ಲಿ ಇದೆಲ್ಲ ಸರಿ ಬಂತು, ತಪ್ಪಿದ್ದು ಬೇರೆ ಕಡೆ. ಹಿಂಬದಿ ಫೈಲ್ ಕನ್ನಡಿ ಮಾಡಬೇಕಲ್ಲ, ಜಾಲಿಯ ತೂತಿಗೆ ತೂತು ಸೇರಲು. ನಾನು ಪೂರ್ತಿ ಫೈಲನ್ನೇ ಮಿರರ್ ಮಾಡಿದೆ. 13 ಗಂಟೆ ಓಡಿತು. ಕೂರಿಸಲು ಹೋದಾಗ ಮನೆಯ ಅಮ್ಮ ಕೈಮುಗಿಯಲು ಹೋದವರು ಹಾಗೇ ನಿಂತರು. "ಇದು ಬಲಮುರಿ ಗಣಪತಿ ಅಲ್ವಾ? ಹೊರಗಡೆ ಎಡಮುರಿ ಇದೆ. ಬಲಮುರಿಗೆ ಮಡಿ ಜಾಸ್ತಿ, ನಮ್ಮಿಂದ ಆಗಲ್ಲ ಕಣಪ್ಪಾ." ಸೊಂಡಿಲು ತಿರುಗಿಬಿಟ್ಟಿತ್ತು. ಕದ ವಾಪಸ್ ತಂದೆ. ಜಾಲಿ, ಅಂಚಿನ ಬಳ್ಳಿ ಕನ್ನಡಿಯಾಗಬೇಕು, ದೇವರು ಕನ್ನಡಿಯಾಗಬಾರದು. ಈಗ ಎರಡನ್ನೂ ಬೇರೆ ಬೇರೆ ಲೇಯರ್‌ನಲ್ಲಿ ಇಡುತ್ತೇನೆ.

ಕೆಲಸದ ನಡುವೆ ಹೋಗುವ ಕರೆಂಟ್ ಕಥೆ ಎಲ್ಲರದ್ದೂ ಒಂದೇ. ಕರೆಂಟ್ ಬಂದ ಮೇಲೆ ನಿಂತಲ್ಲಿಂದ ಮುಂದುವರಿಸುವ ಬಟನ್ ನಂಬಬೇಡಿ, ಮೊದಲು ಹೋಮ್‌ಗೆ (ಮೆಷಿನ್ ಅಳತೆ ಶುರು ಮಾಡುವ ಮೂಲೆಗೆ) ಕಳಿಸಿ. ಇನ್ನೊಂದು, ಬೇಸಿಗೆಯ ಒಣ ಗಾಳಿಯಲ್ಲಿ ನನ್ನ ಕಂಟ್ರೋಲರ್ ಕಾರಣವಿಲ್ಲದೆ ನಿಲ್ಲುತ್ತಿತ್ತು. ಕೇಬಲ್ ಬದಲಾಯಿಸಿದೆ, ಕಂಟ್ರೋಲರ್‌ಗೂ ಸುಮಾರು ದುಡ್ಡು ಸುರಿದೆ. ಕೊನೆಗೆ ನೋಡಿದರೆ ಹುಡಿ ಎಳೆಯುವ ಪ್ಲಾಸ್ಟಿಕ್ ಪೈಪಿನಲ್ಲಿ ಹುಡಿ ಉಜ್ಜಿ ಉಜ್ಜಿ ಸ್ಟ್ಯಾಟಿಕ್ ಕರೆಂಟ್. ಪೈಪಿನೊಳಗೆ ಬರಿ ತಾಮ್ರದ ತಂತಿ ಓಡಿಸಿ ಅರ್ತ್‌ಗೆ ಕಟ್ಟಿದೆ. ಇನ್ನೂರು ರೂಪಾಯಿ ಕೆಲಸ, ಆಮೇಲೆ ಒಮ್ಮೆಯೂ ನಿಂತಿಲ್ಲ.

ನಡುವೆ ಅಡಿಕೆ ಮರದ ದಬ್ಬೆ ಅಂಟಿಸಿ ಹಲಗೆ ಮಾಡಿ ಅದರ ಮೇಲೂ ಕೆತ್ತಿ ನೋಡಿದೆ. ಹೊರಗಿನದು ಕಲ್ಲು, ಒಳಗಿನದು ಹತ್ತಿ, ಒಂದು ಗಂಟೆಗೆ ಬಿಟ್ ಕಪ್ಪಾಯಿತು, ಬಿಟ್ಟೆ. ಹಲಸಿನ ತುಂಡುಗಳಲ್ಲಿ ಚನ್ನೆಮಣೆ ಮಾತ್ರ ಚೆನ್ನಾಗಿ ಬಂತು. 14 ಗುಳಿ ಮುಕ್ಕಾಲು ಗಂಟೆಯಲ್ಲಿ ಆಗುತ್ತದೆ, 900ಕ್ಕೆ ಹೋಗುತ್ತದೆ. ಆಷಾಢದಲ್ಲಿ ಹೆಚ್ಚು ಕೇಳುತ್ತಾರೆ.

ಸಾಗರ, ಸೊರಬದ ಗುಡಿಗಾರರ (ತಲೆಮಾರುಗಳಿಂದ ಕೆತ್ತನೆ ಮಾಡುವವರ) ಕೈಕೆಲಸ ನೋಡಿದವರ ಮುಂದೆ ಮೆಷಿನ್ ಕೆತ್ತಿದ ದೇವರ ಮುಖ ಇಡಲು ಭಯವಿತ್ತು. ಆದರೂ ಆ ಮನೆತನದ ಒಬ್ಬ ಅಜ್ಜನ ಹತ್ತಿರ ಕದ ಹೊತ್ತುಕೊಂಡು ಹೋದೆ. ಅವರು ಬಳ್ಳಿಯ ಮೇಲೆ ಹೆಬ್ಬೆರಳು ಓಡಿಸಿ "ಇದು ಅಡ್ಡಿಲ್ಲ" ಅಂದರು. ಮುಖ ನೋಡಿ, "ಕಣ್ಣು ತೆರೆದಿಲ್ಲ ಮಾರಾಯ" ಅಂದರು. ನಿಜವೇ. ತುದಿ ದುಂಡಗಿರುವ ಬಿಟ್ ರೆಪ್ಪೆಯ ಸಂದಿಗೆ ಹೋಗುವುದಿಲ್ಲ. ಅವರು ಬೆಂಕಿಕಡ್ಡಿಯಷ್ಟು ಸಣ್ಣ ಉಳಿ ತೆಗೆದು, ಕೊಡತಿಯನ್ನೂ ಬಳಸದೆ ಅಂಗೈಯಲ್ಲೇ ಒತ್ತಿ ಎರಡು ರೆಪ್ಪೆ ಬಿಡಿಸಿದರು, ಉಗುರಿನ ಗೆರೆ ಎಳೆದರು. ಅರ್ಧ ದಿನ. ಈಗ ಪ್ರತಿ ಮುಖಕ್ಕೂ ಅವರಿಗೆ 1500 ಕೊಡುತ್ತೇನೆ, ಮುಖದ ಜಾಗದಲ್ಲಿ ಅವರ ಉಳಿಗೆ ಅಂತ 1 ಮಿ.ಮೀ. ಮರ ಜಾಸ್ತಿ ಬಿಡುತ್ತೇನೆ.

ಜೋಡಿ ಕದಕ್ಕೆ ಮರ ಸೇರಿ 85 ಸಾವಿರ ತೆಗೆದುಕೊಳ್ಳುತ್ತಿದ್ದೇನೆ. ಮುಂಚೆ ಎಂಡಿಎಫ್ ಮಾಡು ಅಂದ ಗೆಳೆಯರಲ್ಲೇ ಇಬ್ಬರು ಹಲಸಿನ ಆರ್ಡರ್ ನನ್ನ ಕಡೆ ಕಳಿಸುತ್ತಿದ್ದಾರೆ. ಸದ್ಯ ಗಜಲಕ್ಷ್ಮಿಯ ಒಂದು ಜೋಡಿ ಅಟ್ಟದಲ್ಲಿ ರೀಪಿನ ಮೇಲಿದೆ, ಇವತ್ತಿಗೆ ಆರನೇ ದಿನ. ಮನೆಯವರು ದಿನಾ ಫೋನ್ ಮಾಡುತ್ತಾರೆ. ಇನ್ನೂ ನಾಲ್ಕು ದಿನ ಇದೆ ಅಂತಲೇ ಹೇಳುತ್ತಿದ್ದೇನೆ.