ಶೆರ್ರಿ ಪೀಪಾಯಿಯ ಗಟ್ಟಿ ಸ್ಕಾಚ್: ಬೆಲೆ ಹೋಲಿಸುವುದು ಹೇಗೆ?

ಮಂಡ್ಯದಲ್ಲಿ ಕಬ್ಬಿನ ದರದ ಮಾತು ಬಂದರೆ ಟನ್ನಿನ ಬೆನ್ನಿಗೇ ಸಕ್ಕರೆ ಇಳುವರಿಯ ಲೆಕ್ಕವೂ ಬರುತ್ತದೆ. ವಿಸ್ಕಿ ಕೊಳ್ಳುವಾಗ ಮಾತ್ರ ನಾವು ಇಳುವರಿಯನ್ನು ಮರೆತು, ಬಾಟಲಿಯ ಬೆಲೆಯೊಂದನ್ನೇ ನೋಡಿ ದುಬಾರಿ ಎಂದುಬಿಡುತ್ತೇವೆ.

ಮೊದಲು ಲೇಬಲ್ಲಿನಲ್ಲಿ ಬಾಟಲಿಯ ಅಳತೆಯನ್ನೂ ಮದ್ಯಸಾರದ ಶೇಕಡಾವಾರನ್ನೂ ಓದಿಕೊಳ್ಳಬೇಕು. ಸ್ಕಾಚ್‌ನಲ್ಲಿ ಮದ್ಯಸಾರ ಕನಿಷ್ಠ ಶೇ 40 ಇರಬೇಕೆಂಬುದು ನಿಯಮ. ಗ್ಲೆನ್‌ಫಾರ್ಕ್ಲಾಸ್ 105 ಎಂಬ ಸ್ಕಾಚ್‌ನಲ್ಲಿ ಅದು ಶೇ 60. ಇಲ್ಲಿ 105 ಎಂಬುದು ಬ್ರಿಟನ್ನಿನ ಹಳೆಯ 'ಪ್ರೂಫ್' ಅಳತೆಯೇ ಹೊರತು ಶೇಕಡಾವಾರೂ ಅಲ್ಲ, ವಯಸ್ಸಂತೂ ಅಲ್ಲ.

ಅನಂತರ ಅಳತೆಯನ್ನು ಶೇಕಡಾವಾರಿನಿಂದ ಗುಣಿಸಿ, ಬಂದ ಮೊತ್ತದಿಂದ ಬೆಲೆಯನ್ನು ಭಾಗಿಸಬೇಕು. ಲೆಕ್ಕಕ್ಕೆಂದು, ಶೇ 43ರ 750 ಮಿ.ಲೀ. ಬಾಟಲಿಗೆ 7,000 ರೂಪಾಯಿ, ಶೇ 60ರ 700 ಮಿ.ಲೀ. ಬಾಟಲಿಗೆ 9,000 ರೂಪಾಯಿ ಎಂದುಕೊಳ್ಳೋಣ. ಮೊದಲನೆಯದರಲ್ಲಿ ಮದ್ಯಸಾರ ಸುಮಾರು 322 ಮಿ.ಲೀ., ಎರಡನೆಯದರಲ್ಲಿ 420. ಮಿಲಿಲೀಟರಿಗೆ ಕ್ರಮವಾಗಿ ಸುಮಾರು 21.70 ಮತ್ತು 21.40 ರೂಪಾಯಿ ಬೀಳುತ್ತದೆ. ದುಬಾರಿ ಎನಿಸಿದ್ದೇ ಕೂದಲೆಳೆಯಷ್ಟು ಅಗ್ಗ.

ಇನ್ನು ವಿಸ್ಕಿ ಮಾಗುವ ಪೀಪಾಯಿ. ಶೆರ್ರಿ ಎಂಬುದು ಸ್ಪೇನಿನ ಒಂದು ಬಗೆಯ ವೈನ್. ಲೇಬಲ್ಲಿನ ಮೇಲೆ 'ಶೆರ್ರಿ' ಎಂದಿದ್ದ ಮಾತ್ರಕ್ಕೆ ವಿಸ್ಕಿ ಪೂರ್ತಿ ಶೆರ್ರಿ ತುಂಬಿದ್ದ ಪೀಪಾಯಿಯಲ್ಲೇ ಮಾಗಿದೆ ಎಂದಲ್ಲ. 'ಫಿನಿಶ್' ಎಂದಿದ್ದರೆ ಬೇರೆ ಪೀಪಾಯಿಯಲ್ಲಿ ಮಾಗಿ ಕೊನೆಯ ಅವಧಿಯನ್ನಷ್ಟೇ ಅಲ್ಲಿ ಕಳೆದಿದೆ ಎಂದರ್ಥ. ಅಬರ್‌ಲೌರ್ ಅಬೂನಾ ಎಂಬ ಸ್ಕಾಚ್ ಒಲೊರೊಸೊ ಎಂಬ ಬಗೆಯ ಶೆರ್ರಿಯ ಪೀಪಾಯಿಗಳಲ್ಲೇ ಮಾಗುತ್ತದೆ. ಗ್ಲೆನ್‌ಡ್ರೊನಾಕ್ ಕಾಸ್ಕ್ ಸ್ಟ್ರೆಂಗ್ತ್‌ನಲ್ಲಿ (ಅಂದರೆ ನೀರು ಬೆರೆಸಿ ಇಳಿಸದೆ, ಪೀಪಾಯಿಯಲ್ಲಿದ್ದ ಗಟ್ಟಿತನದಲ್ಲೇ ಬಾಟಲಿಗೆ ತುಂಬಿದ್ದು) ಒಲೊರೊಸೊ ಜೊತೆಗೆ ಪೆದ್ರೊ ಹಿಮೆನೆಸ್ ಎಂಬ ಸಿಹಿ ಶೆರ್ರಿಯ ಪೀಪಾಯಿಗಳೂ ಸೇರುವುದರಿಂದ ಒಣದ್ರಾಕ್ಷಿಯ ಸಿಹಿ ಮುಂದಾಗುತ್ತದೆ. ಸ್ಪೇನ್ 1980ರ ದಶಕದಲ್ಲಿ ಶೆರ್ರಿಯನ್ನು ಪೀಪಾಯಿಯಲ್ಲಿ ಹೊರದೇಶಕ್ಕೆ ಕಳಿಸುವುದನ್ನು ನಿಲ್ಲಿಸಿತು. ಹಾಗಾಗಿ ಈಗಿನ ಬಹುಪಾಲು ಪೀಪಾಯಿಗಳನ್ನು ವಿಸ್ಕಿಗೆಂದೇ ಶೆರ್ರಿ ತುಂಬಿ ಹದಗೊಳಿಸುತ್ತಾರೆ. ಅಮೆರಿಕದ ಬರ್ಬನ್ ವಿಸ್ಕಿಯ ಪೀಪಾಯಿಗಿಂತ ಇವುಗಳ ಬೆಲೆ ಹಲವು ಪಟ್ಟು ಹೆಚ್ಚು. ಬಣ್ಣವನ್ನು ಮಾತ್ರ ನಂಬಬೇಡಿ, ಬಣ್ಣಕ್ಕೆಂದು ಕ್ಯಾರಮೆಲ್ (ಕಂದಿಸಿದ ಸಕ್ಕರೆ) ಬೆರೆಸಲು ಸ್ಕಾಚ್ ನಿಯಮದಲ್ಲೇ ಅವಕಾಶವಿದೆ.

ರುಚಿ ಹೋಲಿಸುವಾಗ ಎರಡನ್ನೂ ಒಂದೇ ಹದಕ್ಕೆ ತರಬೇಕು. ಶೇ 60ರ 30 ಮಿ.ಲೀ.ಗೆ 10 ಮಿ.ಲೀ. ನೀರು ಸೇರಿಸಿದರೆ ಹೆಚ್ಚುಕಡಿಮೆ ಶೇ 45 ಆಗುತ್ತದೆ. ಕ್ಲೋರಿನ್ ವಾಸನೆಯಿಲ್ಲದ ನೀರಾಗಲಿ. ಇಷ್ಟು ಬೆಲೆ ಕೊಟ್ಟು ಸೋಡಾ ಸುರಿಯುವವರಿಗೆ ನನ್ನಲ್ಲಿ ಸಲಹೆಯಿಲ್ಲ.

ಬ್ರಿಟನ್ನಿನ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಮಂಡ್ಯದ ಅಂಗಡಿಯವನೊಡನೆ ವಾದಿಸುವುದೂ ವ್ಯರ್ಥ, ಏಕೆಂದರೆ ಇಲ್ಲಿನ ಬೆಲೆಯಲ್ಲಿ ಆಮದು ಸುಂಕವೂ ರಾಜ್ಯದ ಅಬಕಾರಿ ಸುಂಕವೂ ಸೇರಿರುತ್ತವೆ. ವಿದೇಶದಿಂದ ಬೆಂಗಳೂರಿಗೆ ಬಂದಿಳಿಯುವ ನೆಂಟರು ತಲಾ 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಅವರಿಗೆ ಹೆಸರಿನೊಂದಿಗೆ ಬ್ಯಾಚ್ ಸಂಖ್ಯೆಯನ್ನೂ ಬರೆದುಕೊಡಿ, ಏಕೆಂದರೆ ಅಬೂನಾದಂಥವುಗಳಲ್ಲಿ ಬ್ಯಾಚ್ ಬದಲಾದಂತೆ ಮದ್ಯಸಾರದ ಅಂಕಿಯೂ ಬದಲಾಗುತ್ತದೆ.