ಗೋಡೆಯ ಆಚೆ ನಿಂತು ನನ್ನ ತೋಟ ನೋಡಿದೆ

ಬೋಗನ್‌ವಿಲ್ಲಾ ಗೋಡೆ ದಾಟಿದೆ ಎಂದು ಪಕ್ಕದ ಮನೆಯ ಹಿರಿಯರು ಮೊದಲ ಸಲ ಹೇಳಿದಾಗ, ಅದೇ ಸಂಜೆ ಏಣಿ ಹಾಕಿ ಆಚೆ ಚಾಚಿದ್ದ ತುದಿಗಳನ್ನೆಲ್ಲ ಗೋಡೆಯ ಮಟ್ಟಕ್ಕೆ ಕತ್ತರಿಸಿದೆ. ವಿಷಯ ಮುಗಿಯಿತು ಅಂದುಕೊಂಡೆ. ಸ್ವಲ್ಪ ದಿನಕ್ಕೆ ಮತ್ತೆ ಕರೆದರು, ಮತ್ತೆ ಕತ್ತರಿಸಿದೆ. ಮೂರನೆಯ ಸಲ ಬಳ್ಳಿ ಮೊದಲಿಗಿಂತ ದಟ್ಟವಾಗಿತ್ತು. "ನೋಡಮ್ಮಾ, ಹೇಳಿದ್ದನ್ನ ನೀನು ಕಿವಿಗೇ ಹಾಕ್ಕೊಳ್ತಿಲ್ಲ" ಎಂದು ನೊಂದುಕೊಂಡರು. ಏಣಿ ಹತ್ತಿ, ಕೈಯೆಲ್ಲ ಮುಳ್ಳು ಗೀರಿಸಿಕೊಂಡು ಕತ್ತರಿಸಿದವಳಿಗೆ ಈ ಮಾತು ಎಂದು ನನಗೂ ಸಿಟ್ಟು ಬಂತು.

ನಿಜವಾಗಿ ತಪ್ಪು ನನ್ನ ಕತ್ತರಿಯದೇ. ಕೊಂಬೆಯ ತುದಿಯ ಮೊಗ್ಗು ಕೆಳಗಿನ ಮೊಗ್ಗುಗಳು ಒಡೆಯದಂತೆ ತಡೆದಿರುತ್ತದೆ. ತುದಿ ಹೋದರೆ ಆ ತಡೆಯೂ ಹೋಗಿ, ಅದರ ಕೆಳಗಿನ ಮೂರು ನಾಲ್ಕು ಗಿಣ್ಣುಗಳಿಂದ ಒಟ್ಟಿಗೆ ಚಿಗುರು ಬರುತ್ತದೆ. ಗೋಡೆಯ ಆಚೆ ಬಿಸಿಲು ಹೆಚ್ಚು, ಹಾಗಾಗಿ ಹೊಸ ಚಿಗುರೆಲ್ಲ ಅತ್ತಲೇ ಓಡುತ್ತಿತ್ತು. ಪ್ರತಿ ಸಲ ಕತ್ತರಿಸುತ್ತಾ ಅವರ ಅಂಗಳಕ್ಕೆ ಬೇಲಿಯನ್ನು ನಾನೇ ದಟ್ಟ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ನೋಡಿದರೆ ಅವರೇ ಕತ್ತರಿಸಿಬಿಟ್ಟಿದ್ದರು, ಒರಟಾಗಿ, ಸಿಪ್ಪೆ ಸೀಳಿ ಜೋತಾಡುವಂತೆ. ಜಗಳಕ್ಕೆ ಹೋಗುವ ಮೊದಲು ಕಾನೂನು ಏನನ್ನುತ್ತದೆ ಎಂದು ಓದಿದೆ. ಇಂಗ್ಲಿಷ್ ಕಾನೂನಿನ ಪರಂಪರೆಯ ಹಲವು ದೇಶಗಳಲ್ಲಿ, ತನ್ನ ಜಾಗದೊಳಗೆ ಬಾಗಿದ ಕೊಂಬೆಯನ್ನು ಗಡಿಯವರೆಗೆ ಕತ್ತರಿಸಲು ಪಕ್ಕದವರಿಗೆ ಹಕ್ಕಿದೆ. ಅದಕ್ಕಾಗಿ ನಮ್ಮ ಜಾಗದೊಳಗೆ ಕಾಲಿಡುವ ಹಕ್ಕು ಮಾತ್ರ ಇಲ್ಲ. ಅವರು ಕಾಲಿಟ್ಟಿರಲಿಲ್ಲ. ಸಿಟ್ಟು ಅಲ್ಲಿಗೆ ಇಳಿಯಿತು. "ಅಂಕಲ್, ನಿಮ್ಮ ಕಡೆಯಿಂದ ಒಂದ್ಸಲ ನೋಡಲಾ?" ಎಂದು ಕೇಳಿದೆ. ಅವರು ಸುಮ್ಮನೆ ಗೇಟು ತೆಗೆದರು.

ಅಷ್ಟು ವರ್ಷ ಆ ತೋಟ ಮಾಡಿದ ನಾನು ಅದರ ಬೆನ್ನನ್ನು ನೋಡಿದ್ದು ಅಂದೇ. ನನ್ನ ಕಡೆ ಗುಲಾಬಿ ಬಣ್ಣದ ಚಪ್ಪರ, ಅವರ ಕಡೆ ಒಣಗಿದ ಕಡ್ಡಿಗಳ ಸಿಕ್ಕು. ಬೋಗನ್‌ವಿಲ್ಲಾದಲ್ಲಿ ನಾವು ಹೂವೆನ್ನುವ ಬಣ್ಣದ ಭಾಗ ಎಸಳಲ್ಲ, ಒಂದು ಬಗೆಯ ಎಲೆ. ಅದರ ನಡುವಿನ ಸಣ್ಣ ಬಿಳಿ ಕೊಳವೆಯೇ ಹೂ. ಆ ಬಣ್ಣದ ಎಲೆ ಕಾಗದದಂತೆ ಹಗುರ, ಒಣಗಿದ ಮೇಲೂ ಬೇಗ ಕೊಳೆಯದೆ ಗಾಳಿಗೆ ಹಾರುತ್ತದೆ. ಅವರ ಅಂಗಳದ ನೀರು ಹೋಗುವ ಜಾಲರಿಯ ಮೇಲೆ ಅದು ಒದ್ದೆಯಾಗಿ ಅಂಟಿ ಪದರಗಟ್ಟಿತ್ತು. ಮಳೆ ಬಂದಾಗಲೆಲ್ಲ ಅವರು ಬಗ್ಗಿ ಕೈಯಲ್ಲಿ ಅದನ್ನು ಬಾಚುತ್ತಿದ್ದರಂತೆ. ಆ ವಯಸ್ಸಿನಲ್ಲಿ. ಇಷ್ಟು ದಿನ ಅವರು "ಬಳ್ಳಿ ಬಳ್ಳಿ" ಎನ್ನುತ್ತಿದ್ದುದು ಈ ಜಾಲರಿಯ ವಿಷಯ.

ಗೋಡೆಯ ಬುಡದ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ನನ್ನ ಕಡೆ ಗೋಡೆಗೆ ಆನಿಸಿ ಒಂದೂವರೆ ಅಡಿ ಎತ್ತರ ಮಣ್ಣು ಏರಿಸಿ ಪಾತಿ ಮಾಡಿದ್ದೆ, ದಿನವೂ ನೀರು. ಇಟ್ಟಿಗೆ ಆ ನೀರನ್ನು ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಹೀರಿ ಆಚೆ ಒಯ್ದಿತ್ತು. ನೀರು ಆರಿದಲ್ಲಿ ಉಪ್ಪು ಬಿಳಿಯಾಗಿ ಮೇಲೆದ್ದು, ಗಾರೆ ಹೊಪ್ಪಳಿಕೆಯಾಗಿ ಉದುರಿತ್ತು. ಅದರ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ, ಅದು ನನ್ನ ನೀರು ಎಂದು ಅವರಿಗೆ ಗೊತ್ತೇ ಇರಲಿಲ್ಲ. ನಾನೇ ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ಆ ದಿನದಿಂದಲೇ ಅವರ ಮಾತಿನ ಧಾಟಿ ಬದಲಾಯಿತು.

ಮಣ್ಣನ್ನು ಗೋಡೆಯಿಂದ ಒಂದು ಅಡಿ ಹಿಂದಕ್ಕೆ ಎಳೆಯಲು ಎರಡು ವಾರ ಹಿಡಿಯಿತು. ಆ ಸಂದಿನಲ್ಲಿ ಈಗ ಏನೂ ಬೆಳೆಸುವುದಿಲ್ಲ. ಗೋಡೆ ಪೂರ್ತಿ ಒಣಗಿದ ಮೇಲೆಯೇ ಹೊಸ ಗಾರೆ ಹಾಕಿಸಿಕೊಟ್ಟೆ. ಹಸಿ ಇರುವಾಗಲೇ ಹಾಕಿದ್ದರೆ ಅದೂ ಉದುರುತ್ತಿತ್ತು.

ಬೋಗನ್‌ವಿಲ್ಲಾವನ್ನು ಕಿತ್ತು ಬೇರೆ ಕಡೆ ನೆಡೋಣವೆಂದರೆ ಅದರ ಬೇರು ಬಲು ನಾಜೂಕು, ಅಲುಗಿದರೆ ಗಿಡ ಉಳಿಯುವ ಭರವಸೆಯಿಲ್ಲ. ಹಾಗಾಗಿ ಹೂವಿನ ಸುಗ್ಗಿ ಮುಗಿಯುವವರೆಗೆ ಕಾದು, ಆಚೆಗೆ ಮುಖ ಮಾಡಿದ ದಪ್ಪ ಕೊಂಬೆಗಳನ್ನು ತುದಿಯಲ್ಲಲ್ಲ, ಹುಟ್ಟಿದ ಜಾಗದಲ್ಲೇ ಗರಗಸದಿಂದ ತೆಗೆದೆ. ಉಳಿದವನ್ನು ಎಳೆಯದಾಗಿರುವಾಗಲೇ ನನ್ನ ಕಡೆಯ ತಂತಿಗೆ ಅಡ್ಡಡ್ಡ ಬಾಗಿಸಿ ಕಟ್ಟಿದೆ. ಅದು ಹೂ ಬಿಡುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಹೂವಿಗೇನೂ ಕೊರತೆಯಾಗಲಿಲ್ಲ.

ಅವರ ಇನ್ನೊಂದು ದೂರು ಸೊಳ್ಳೆಯದು, ಅದಕ್ಕೆ ವಾದ ಮಾಡಲು ಜಾಗವೇ ಇರಲಿಲ್ಲ. ಕುಂಡದಡಿಯ ತಟ್ಟೆಗಳಲ್ಲಿ ಮರಿಗಳು ತೇಲುತ್ತಿದ್ದವು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ, ಹತ್ತು ದಿನ ಸಾಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತದೆ. ನೀರು ಚೆಲ್ಲಿದರೆ ಸಾಲದು, ಉಜ್ಜಬೇಕು. ವಾರಕ್ಕೊಮ್ಮೆ ಉಜ್ಜುತ್ತೇನೆ, ಬೇಡವಾದ ತಟ್ಟೆಗಳನ್ನು ತೆಗೆದೇಬಿಟ್ಟೆ.

ನನಗೆ ಕಷ್ಟವಾದದ್ದು ರಾತ್ರಿರಾಣಿಯ ಮಾತು. ಅದರ ವಾಸನೆಗೆ ಮನೆಯವರಿಗೆ ತಲೆನೋವು, ನಿದ್ದೆಯಿಲ್ಲ ಎಂದರು. ಪರಿಮಳಕ್ಕೂ ದೂರೇ ಎಂದು ಮನಸ್ಸು ಮುದುಡಿತು. ಆದರೆ ಒಂದು ರಾತ್ರಿ ಹನ್ನೊಂದಕ್ಕೆ ಹೋಗಿ ನಿಂತೆ. ಗಿಡ ಸರಿಯಾಗಿ ಅವರ ಮಲಗುವ ಕೋಣೆಯ ಕಿಟಕಿಯ ಕೆಳಗಿತ್ತು, ವಾಸನೆ ಉಸಿರಿಗೆ ಅಡ್ಡ ನಿಂತ ಹಾಗಿತ್ತು. ಇಪ್ಪತ್ತು ಹೆಜ್ಜೆ ದೂರದ ನನ್ನ ಜಗಲಿಯಲ್ಲಿ ಅದು ಸುಖ, ಅಲ್ಲಿ ಹಿಂಸೆ. ಬಲಿತ ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ ಕುಂಡಗಳಲ್ಲಿ ಊರಿದೆ. ಅವು ಬೇರುಬಿಟ್ಟು ಚಿಗುರಿದ ಮೇಲೆ ತೋಟದ ಆ ತುದಿಯಲ್ಲಿ ನೆಟ್ಟು, ಹಳೆಯ ಗಿಡವನ್ನು ತೆಗೆದೆ. ತೆಗೆಯುವಾಗ ಸಂಕಟವಾಯಿತು.

ಎಲ್ಲಕ್ಕೂ ಹೂಂ ಎಂದೆನೆಂದಲ್ಲ. ಪೊದೆ ಇದ್ದರೆ ಹಾವು ಬರುತ್ತದೆ, ಹಿಂದಿನ ಮೂಲೆಯನ್ನೆಲ್ಲ ಬೋಳಿಸು ಎಂದರು. ಅಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ, ಅದನ್ನು ಬಿಟ್ಟುಕೊಡಲಾರೆ. "ಅಂಕಲ್, ಗಿಡ ಕಡಿಯಲ್ಲ, ಆದರೆ ನೆಲ ಕಾಣೋ ಹಾಗೆ ಮಾಡ್ತೀನಿ" ಎಂದೆ. ನೆಲಕ್ಕೆ ತಾಗುವ ಕೊಂಬೆಗಳನ್ನು ಒಂದಡಿ ಎತ್ತರದವರೆಗೆ ಸವರಿ, ಹಾವಿಗೂ ಇಲಿಗೂ ನಿಜವಾಗಿ ಅಡಗುತಾಣವಾಗಿದ್ದ ಹಳೆಯ ಇಟ್ಟಿಗೆ ರಾಶಿಯನ್ನು ಸಾಗಿಸಿದೆ. ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆಮೇಲೊಂದು ದಿನ ಗೋಡೆಯ ಮೇಲಿಂದ ಇಣುಕಿ, ಗೂಡಿನಲ್ಲಿ ಮರಿ ಇದೆಯೇ ಎಂದು ಕೇಳಿದರು. ಎರಡು ಇವೆ ಎಂದೆ. ಹಾರಿಹೋಗುವವರೆಗೂ ಆ ಮೂಲೆಗೆ ಕತ್ತರಿ ತಾಗಿಸಬೇಡ ಎಂದು ಹೇಳಿ ಒಳಗೆ ಹೋದರು.