ಜಿನೀವಾದ ವಿಶ್ವಸಂಸ್ಥೆಯ ಸಭಾಕೊಠಡಿಗೆ ಹೊಸಬರೇ? ಇಷ್ಟು ತಿಳಿದಿರಲಿ

ಮಿಷನ್ (ವಿಶ್ವಸಂಸ್ಥೆಯಲ್ಲಿ ಒಂದು ದೇಶದ ಪ್ರತಿನಿಧಿ ಕಚೇರಿ) ಕೆಲಸಕ್ಕೆ ಬಂದವರಿರಲಿ, ಇಂಟರ್ನ್‌ಗಳಿರಲಿ, ಮೊದಲ ದಿನ ಎಡವುವುದು ಗೇಟಿನಲ್ಲೇ. ಕಾರ್ನವ್ಯಾನ್ ರೈಲು ನಿಲ್ದಾಣದಿಂದ 15ನೇ ಟ್ರಾಮ್ ಹತ್ತಿ ನಾಸ್ಯೋಂನಲ್ಲಿ ಇಳಿಯಿರಿ. ಎದುರಿಗೇ ಧ್ವಜಗಳ ಸಾಲು ಕಾಣುತ್ತದೆ. ಆದರೆ ಬ್ಯಾಡ್ಜ್ ಇಲ್ಲದವರಿಗೆ ದಾರಿ ಅಲ್ಲಿಲ್ಲ. ಏರು ಹತ್ತಿ ರೆಡ್‌ಕ್ರಾಸ್ ಕಚೇರಿಯ ಎದುರಿನ ಪ್ರೆನಿ ಗೇಟಿಗೆ ಹೋಗಬೇಕು. ಪಾಸ್‌ಪೋರ್ಟ್ ಕೈಯಲ್ಲಿರಲಿ, ಜೆರಾಕ್ಸ್ ಸಾಲದು. ಸಭಾಕೊಠಡಿಗಳಿಗೆ ರೋಮನ್ ಅಂಕಿಗಳ ಹೆಸರು. ಸಭೆ ಯಾವ ಕೊಠಡಿಯಲ್ಲೆಂದು ಅಂದಂದಿನ ಬೆಳಿಗ್ಗೆಯೇ ನೋಡಿಕೊಳ್ಳಿ.

ಸಭೆಗಳು 10ರಿಂದ 1, ಮತ್ತೆ 3ರಿಂದ 6. ಈ ಮೂರು ಗಂಟೆಯ ಲೆಕ್ಕ ದುಭಾಷಿಗಳದು. ಅವರ ಪಾಳಿ ಮುಗಿದರೆ ಆರು ಭಾಷೆಗಳ ಸಭೆ ಮುಂದುವರಿಯುವುದಿಲ್ಲ. ಹಾಗಾಗಿ ಭಾಷಣಕ್ಕೆ ಎರಡೇ ನಿಮಿಷ ಎಂದರೆ ಎರಡೇ ನಿಮಿಷ, ಆಮೇಲೆ ಮೈಕ್ ಬಂದ್. ಇಂಗ್ಲಿಷಿನಲ್ಲಿ 220 ಪದ ದಾಟಿಸಬೇಡಿ. ಸಮಯ ಕಡಿತಗೊಂಡರೆ ಬಿಡಬೇಕಾದ ಪ್ಯಾರಾಕ್ಕೆ ಮೊದಲೇ ಪೆನ್ಸಿಲ್ ಗುರುತು ಹಾಕಿಡಿ. ಪ್ರತಿಯನ್ನು ದುಭಾಷಿಗಳಿಗೆ ಮುಂಚಿತವಾಗಿ ತಲುಪಿಸಿ. ಗಡಿಬಿಡಿಯಲ್ಲಿ ಓದಿದರೆ ಅನುವಾದದಲ್ಲಿ ಮೊದಲು ಬಿದ್ದುಹೋಗುವುದು ಅಂಕಿಗಳು, ಹೆಸರುಗಳು.

ಭಾರತದ ನಿಯೋಗದವರು ಕೈಗಡಿಯಾರದಲ್ಲಿ ದಿಲ್ಲಿಯನ್ನೂ ಇಟ್ಟುಕೊಂಡಿರಬೇಕು. ಬೇಸಿಗೆಯಲ್ಲಿ ದಿಲ್ಲಿ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ಸಂಜೆ 6 ಆದಾಗ ಇಲ್ಲಿ ಮಧ್ಯಾಹ್ನ ಎರಡೂವರೆ, ಚಳಿಗಾಲವಾದರೆ ಒಂದೂವರೆ. ಅಂದರೆ 3 ಗಂಟೆಯ ಸಭೆಯಲ್ಲಿ ಯಾವ ನಿಲುವು ತಳೆಯಬೇಕೆಂಬ ಸೂಚನೆಯನ್ನು ದಿಲ್ಲಿಗೆ ಊಟದ ನಂತರ ಕೇಳಿದರೆ ಉತ್ತರಿಸುವವರು ಮನೆ ಸೇರಿರುತ್ತಾರೆ. ಬೆಳಿಗ್ಗೆ ಬಂದ ಕೂಡಲೇ ಕೇಳಿ.

ನಿಜವಾದ ಕೆಲಸ ನಡೆಯುವುದು ನಿರ್ಣಯದ ಕರಡಿನ ಮೇಲೆ ನಡೆಯುವ, ಇನ್‌ಫಾರ್ಮಲ್ಸ್ ಎನ್ನುವ ಅನೌಪಚಾರಿಕ ಚರ್ಚೆಗಳಲ್ಲಿ. ಮಾತಿಗೆ ಅವಕಾಶ ಬೇಕಿದ್ದರೆ ದೇಶದ ಹೆಸರಿನ ಫಲಕವನ್ನು ಎತ್ತಿ ನಿಲ್ಲಿಸಿ. ನಿಮ್ಮ ಸರದಿ ಮುಗಿದ ಮೇಲೆ ಮಲಗಿಸುವುದನ್ನು ಮರೆಯಬೇಡಿ, ಇಲ್ಲವೆಂದರೆ ಅಧ್ಯಕ್ಷರು ಮತ್ತೆ ಕರೆಯುತ್ತಾರೆ. ಒಪ್ಪಿಗೆಯಾಗದ ಪದಗಳು ಚೌಕ ಆವರಣದೊಳಗೆ ಕೂರುತ್ತವೆ. ಪೇಚಾಟವೆಲ್ಲ ಕ್ರಿಯಾಪದಗಳಲ್ಲಿ. ವರದಿಯನ್ನು ‘ಸ್ವಾಗತಿಸುತ್ತದೆ’ ಎಂದರೆ ಮೆಚ್ಚುಗೆ, ‘ಗಮನಕ್ಕೆ ತೆಗೆದುಕೊಳ್ಳುತ್ತದೆ’ ಎಂದರೆ ಮೆಚ್ಚುಗೆಯೂ ಇಲ್ಲ, ಟೀಕೆಯೂ ಇಲ್ಲ. ಮೊದಲನೆಯದನ್ನು ಎರಡನೆಯದಕ್ಕೆ ಇಳಿಸಲು ಇಡೀ ಮಧ್ಯಾಹ್ನ ಕಳೆದೀತು, ಬೇಸರಿಸಬೇಡಿ. ಸೂಚನೆಯಿಲ್ಲದೆ ‘ಒಪ್ಪಿದೆವು’ ಎಂದುಬಿಡುವುದೇ ಹೊಸಬರ ದೊಡ್ಡ ತಪ್ಪು. ‘ರಾಜಧಾನಿಯ ಅನುಮತಿಗೆ ಒಳಪಟ್ಟು’ ಎಂದು ಸೇರಿಸಿದರೆ ಆಮೇಲೆ ಹಿಂದೆ ಸರಿಯಲು ಜಾಗವಿರುತ್ತದೆ.

ಕೆಲವು ಕರಡುಗಳು ‘ಮೌನ ಪ್ರಕ್ರಿಯೆ’ಯಲ್ಲಿ ಬರುತ್ತವೆ. ಗಡುವಿನೊಳಗೆ ಯಾರೂ ಆಕ್ಷೇಪಿಸದಿದ್ದರೆ ಒಪ್ಪಿದಂತೆಯೇ. ಶುಕ್ರವಾರ ಸಂಜೆಯ ಇಮೇಲ್‌ಗಳನ್ನು ಈ ಕಾರಣಕ್ಕೇ ಕೊನೆಯವರೆಗೂ ಓದಬೇಕು.

ಕ್ಯಾಂಟೀನಿನಲ್ಲಿ ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಫ್ರೆಂಚಿನಲ್ಲಿ ‘ಸಾಂ ವ್ಯಾಂಡ್, ಸಾಂ ಪ್ವಾಸೋಂ’, ಅಂದರೆ ಮಾಂಸ ಬೇಡ, ಮೀನು ಬೇಡ ಎಂದು ಬಿಡಿಸಿ ಹೇಳಿ. ಸೂಪಿಗೆ ಯಾವ ಸ್ಟಾಕ್ (ಬೇಯಿಸಿ ತೆಗೆದ ರಸ) ಹಾಕಿದ್ದಾರೆಂದು ಬೇರೆಯಾಗಿಯೇ ಕೇಳಿ. ತರಕಾರಿ ಸೂಪಿನಲ್ಲೂ ಕೋಳಿಯ ಸ್ಟಾಕ್ ಇರಬಹುದು.